ಹಿಂದಿರುಗುವ ಹಕ್ಕು

ಕಳೆದ ತಿಂಗಳು ನಡೆದ ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಒಂದು ಠರಾವು ಮಂಡನೆಯಾಯಿತು. ಕಚೇರಿಯಲ್ಲಿರುವ ಹದಿನಾಲ್ಕು ವರ್ಷದ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಿ, ಅರುವತ್ತು ಸಾವಿರ ರೂಪಾಯಿಯೊಳಗೆ ಹೊಸದೊಂದನ್ನು ಕೊಳ್ಳತಕ್ಕದ್ದು ಎಂಬುದು ಅದರ ಸಾರ. ವಿರೋಧಿಸಿ ಕೈಯೆತ್ತಿದವನು ನಾನೊಬ್ಬನೇ. ಯಂತ್ರ ಕೆಟ್ಟಿಲ್ಲ, ಅದರೊಳಗೆ ನಾವು ತುಂಬಿದ್ದು ಅದಕ್ಕೆ ಹೊರಲಾರದ ಹೊರೆಯಾಗಿದೆ. ಮೊದಲಿದ್ದ ಆಪರೇಟಿಂಗ್ ಸಿಸ್ಟಂ ಅನ್ನೇ ಮರಳಿ ಕೂರಿಸಿದರೆ ಇನ್ನೂ ನಾಲ್ಕಾರು ವರ್ಷ ಅದು ದುಡಿದೀತು ಎಂದು ವಾದಿಸಿದೆ. ನಮ್ಮ ತರುಣ ಕೋಶಾಧಿಕಾರಿಗಳು ನಕ್ಕು, "ಮಾಸ್ತರೇ, ಕಾಲ ಮುಂದೆ ಹೋಗ್ತದೆ, ನೀವು ಹಿಂದೆ ಹೋಗುವ ಅಂತೀರಿ" ಎಂದರು. ಸಭೆಯೂ ನಕ್ಕಿತು. ಠರಾವು ಮುಂದಿನ ಸಭೆಗೆ ಹೋಯಿತು. ಅದೂ ನನ್ನ ವಾದಕ್ಕೆ ದೊರೆತ ಮನ್ನಣೆಯಿಂದಲ್ಲ, ಕೋರಂ ಸಾಲದೆ ಹೋದದ್ದರಿಂದ.

ಆ ನಗೆಗೆ ಉತ್ತರವಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ. ಒಂದು ಲ್ಯಾಪ್‌ಟಾಪಿನ ಮಾತು ಇಷ್ಟು ದೊಡ್ಡದೇ ಎಂದು ಓದುಗರು ಕೇಳಬಹುದು. ದೊಡ್ಡದೇ. ಒಮ್ಮೆ ಕೊಂಡ ವಸ್ತು ಯಾರದು, ಅದು ಎಂದು ಮುದಿಯಾಯಿತೆಂದು ತೀರ್ಮಾನಿಸುವವರು ಯಾರು, ಮುಂದಕ್ಕೆ ಹೋದವನಿಗೆ ಹಿಂದಿರುಗುವ ಸ್ವಾತಂತ್ರ್ಯವಿದೆಯೇ ಇಲ್ಲವೇ ಎಂಬ ಮೂರು ಪ್ರಶ್ನೆಗಳು ಈ ಸಣ್ಣ ಪೆಟ್ಟಿಗೆಯೊಳಗಿವೆ. ಊರು ಬಿಟ್ಟು ಬಂದ ನಮ್ಮಂಥವರಿಗೆ ಮೂರನೆಯ ಪ್ರಶ್ನೆಯ ಕಾವು ಬೇರೆಯವರಿಗಿಂತ ಹೆಚ್ಚು ತಟ್ಟಬೇಕು.

ಮೊದಲು ಯಂತ್ರದ ಪೂರ್ವಕಥೆ. ಸದಸ್ಯರ ವಂತಿಗೆಯಿಂದ ಕೊಂಡ ಈ ಲ್ಯಾಪ್‌ಟಾಪು ಮೊದಲ ಆರೇಳು ವರ್ಷ ಒಂದು ದಿನವೂ ಹಟ ಮಾಡಲಿಲ್ಲ. ನಮ್ಮ ತ್ರೈಮಾಸಿಕದ ಪುಟಗಳನ್ನು ಅದರಲ್ಲೇ ಕಟ್ಟಿದೆವು. ಸದಸ್ಯರ ಯಾದಿ, ನಾಡಹಬ್ಬದ ಲೆಕ್ಕ, ರಾತ್ರಿಶಾಲೆಯ ಹಳೆಯ ವಿದ್ಯಾರ್ಥಿಗಳ ವಿಳಾಸ ಎಲ್ಲವೂ ಅದರಲ್ಲಿದ್ದವು. ಆಮೇಲೆ ಒಂದು ದಿನ, ಹೊಸ ಆವೃತ್ತಿ ಸಿದ್ಧವಾಗಿದೆ ಎಂಬ ಸೂಚನೆ ತೆರೆಯ ಮೇಲೆ ಮೂಡಿತು. ಮರುದಿನವೂ ಮೂಡಿತು. ಬೇಡವೆಂದರೆ 'ಆಮೇಲೆ ನೆನಪಿಸು' ಎಂಬ ಗುಂಡಿ ಮಾತ್ರ ಇತ್ತು, 'ಬೇಡ' ಎಂಬ ಗುಂಡಿ ಇರಲಿಲ್ಲ. ಕೊನೆಗೆ ನಮ್ಮಲ್ಲೊಬ್ಬರು ಬೇಸತ್ತು ಒಪ್ಪಿದರು. ಅಂದಿನಿಂದ ಯಂತ್ರ ಏದುಸಿರು ಬಿಡತೊಡಗಿತು. ಗುಂಡಿ ಒತ್ತಿ, ಬೀದಿಗಿಳಿದು ಒಂದು ಕಟಿಂಗ್ ಚಹ ಕುಡಿದು ಬಂದರೂ ತೆರೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ನಾನು ಗಡಿಯಾರ ಹಿಡಿದು ನೋಡಿದ್ದೇನೆ: ಕೆಲಸಕ್ಕೆ ಅಣಿಯಾಗಲು ಎಂಟು ನಿಮಿಷ. ಕಂಪನಿಯ ಹೆಸರನ್ನು ನನ್ನ ಈ ಕಥೆಯಲ್ಲಿ ಬರೆಯುವುದಿಲ್ಲ. ಇದು ಒಬ್ಬರ ಮನೆಯ ರೋಗವಲ್ಲ, ಇಡೀ ಕಸುಬಿನ ರೋಗ.

ಯಂತ್ರದೊಳಗೆ ನಿಜವಾಗಿ ಏನಾಯಿತು? ಇದನ್ನು ತಿಳಿಯಲು ಎಂಜಿನಿಯರನಾಗಬೇಕಾಗಿಲ್ಲ. ಮುಂಬಯಿಯ ಚಾಳಿನಲ್ಲಿ ಹತ್ತಡಿ ಖೋಲಿಯಲ್ಲಿ ಸಂಸಾರ ಮಾಡಿದ ಯಾರಿಗೂ ಅದು ಅರ್ಥವಾದೀತು. ರ‍್ಯಾಮ್ ಎಂದು ಕರೆಯುವ ತತ್ಕಾಲ ಸ್ಮೃತಿ ಎಂದರೆ ಖೋಲಿಯ ನೆಲ. ಅಲ್ಲಿರುವುದು ಕೈಗೆ ತಕ್ಷಣ ಸಿಗುತ್ತದೆ. ಹಾರ್ಡ್ ಡಿಸ್ಕ್ ಎಂದರೆ ಗ್ಯಾಲರಿಯ ಕೊನೆಯಲ್ಲಿಟ್ಟ ಟ್ರಂಕು. ಮನೆಯವರು ನಾಲ್ವರಿದ್ದಾಗ ನೆಲ ಸಾಕಾಗುತ್ತದೆ. ಊರಿನಿಂದ ಹತ್ತು ಮಂದಿ ನೆಂಟರು ಬಂದು ಬೀಡುಬಿಟ್ಟರೆ ಮಲಗಲು ಜಾಗ ಮಾಡುವುದಕ್ಕಾಗಿ ಸಾಮಾನನ್ನೆಲ್ಲ ಟ್ರಂಕಿಗೆ ತುಂಬಬೇಕು. ಒಂದು ಪಂಚೆ ಬೇಕಾದರೂ ಗ್ಯಾಲರಿಯ ಕೊನೆಗೆ ನಡೆಯಬೇಕು. ನಮ್ಮ ಲ್ಯಾಪ್‌ಟಾಪಿನಲ್ಲಿರುವುದು ಎರಡು ಜಿಬಿ ಸ್ಮೃತಿ. ಹೊಸ ಆವೃತ್ತಿ ತನ್ನೊಡನೆ ಕರೆತಂದ ನೆಂಟರ ಪಟ್ಟಿ ಇದು: ಕಡತಗಳನ್ನೆಲ್ಲ ಬಿಡದೆ ಹುಡುಕಿ ಸೂಚಿ ಮಾಡುವ ಕಾರ್ಯಕ್ರಮ, ವೈರಸ್ ಶೋಧಿಸುವ ಕಾರ್ಯಕ್ರಮ, ಮುಂದಿನ ನವೀಕರಣವನ್ನು ಗುಟ್ಟಾಗಿ ಇಳಿಸಿಕೊಳ್ಳುವ ಕಾರ್ಯಕ್ರಮ, ನಮ್ಮ ಬಳಕೆಯ ವಿವರವನ್ನು ಕಂಪನಿಗೆ ವರದಿ ಮಾಡುವ ಕಾರ್ಯಕ್ರಮ, ಕೇಳದಿದ್ದರೂ ಹವಾಮಾನವನ್ನೂ ವಾರ್ತೆಯನ್ನೂ ತಂದು ತೋರಿಸುವ ಕಾರ್ಯಕ್ರಮ. ಸ್ಮೃತಿಯಿಂದ ಒಂದು ಅಂಶವನ್ನು ತೆಗೆಯಲು ಸುಮಾರು ನೂರು ನ್ಯಾನೊಸೆಕೆಂಡು ಸಾಕಾದರೆ, ತಿರುಗುವ ಡಿಸ್ಕಿನಿಂದ ತೆಗೆಯಲು ಹತ್ತು ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು. ಒಂದಕ್ಕೆ ಒಂದು ಲಕ್ಷದ ವ್ಯತ್ಯಾಸ! ಸ್ಮೃತಿ ತುಂಬಿ, ಮಾತುಮಾತಿಗೂ ಡಿಸ್ಕಿಗೆ ಓಡಬೇಕಾದ ಯಂತ್ರ ನಿಧಾನವಾಗದೆ ಇನ್ನೇನಾದೀತು? ಅದರ ಪ್ರೊಸೆಸರು ಮೊದಲು ಎಷ್ಟು ವೇಗವಾಗಿತ್ತೋ ಇಂದೂ ಅಷ್ಟೇ ವೇಗವಾಗಿದೆ. ಮುಪ್ಪು ಯಂತ್ರಕ್ಕೆ ಬಂದದ್ದಲ್ಲ, ಅದರ ಮೇಲೆ ಹೇರಿದ್ದು.

ಈ ಹೇರಿಕೆಗೆ ಲೆಕ್ಕವಿದೆ. 1995ರಲ್ಲಿ ಬಂದ ವಿಂಡೋಸ್ 95ಕ್ಕೆ ಕನಿಷ್ಠ 4 ಎಂಬಿ ಸ್ಮೃತಿ ಸಾಕೆಂದು ಅದರ ತಯಾರಕರೇ ಹೇಳಿದ್ದರು. 2001ರ ವಿಂಡೋಸ್ ಎಕ್ಸ್‌ಪಿಗೆ 64 ಎಂಬಿ. 2009ರ ವಿಂಡೋಸ್ 7ಕ್ಕೆ 1 ಜಿಬಿ. 2021ರ ವಿಂಡೋಸ್ 11ಕ್ಕೆ 4 ಜಿಬಿ. ಇಪ್ಪತ್ತಾರು ವರ್ಷಗಳಲ್ಲಿ ಕನಿಷ್ಠ ಅಗತ್ಯವೇ ಸಾವಿರ ಪಟ್ಟು ಬೆಳೆದಿದೆ. ಈ ಅವಧಿಯಲ್ಲಿ ನಮ್ಮ ಸಂಘದ ಕಾರ್ಯದರ್ಶಿಗಳು ಬರೆಯುವ ಕಾಗದ ಸಾವಿರ ಪಟ್ಟು ಬೆಳೆದಿದೆಯೇ? 'ಮಾನ್ಯರೇ, ತಮ್ಮ ಸದಸ್ಯತ್ವದ ವಂತಿಗೆ ಬಾಕಿ ಇರುತ್ತದೆ' ಎಂಬ ಒಕ್ಕಣೆ ಅಂದೂ ಅದೇ, ಇಂದೂ ಅದೇ.

ಇದನ್ನು ಮೊದಲು ಕಂಡವನು ನಾನಲ್ಲ. ಪ್ಯಾಸ್ಕಲ್ ಎಂಬ ಕಂಪ್ಯೂಟರ್ ಭಾಷೆಯನ್ನು ರೂಪಿಸಿದ, 1984ರ ಟ್ಯೂರಿಂಗ್ ಪ್ರಶಸ್ತಿಯನ್ನು ಪಡೆದ ಸ್ವಿಸ್ ವಿದ್ವಾಂಸ ನಿಕ್ಲಾಸ್ ವಿರ್ತ್ ಅವರು 1995ರಲ್ಲೇ ತೆಳು ತಂತ್ರಾಂಶಕ್ಕಾಗಿ ಮನವಿ ಮಾಡುವ ಲೇಖನವೊಂದನ್ನು ಪ್ರಕಟಿಸಿದರು. ಯಂತ್ರಾಂಶ ಎಷ್ಟು ಬೇಗ ವೇಗ ಗಳಿಸುತ್ತದೆಯೋ ಅದಕ್ಕಿಂತ ಬೇಗ ತಂತ್ರಾಂಶ ನಿಧಾನವಾಗುತ್ತಿದೆ ಎಂಬುದು ಅವರು ಮುಂದಿಟ್ಟ ಮಾತು. ಅದು ತಮ್ಮ ಸ್ವಂತದ್ದಲ್ಲ, ಮಾರ್ಟಿನ್ ರೈಸರ್ ಅವರದು ಎಂದು ಅವರು ಪ್ರಾಮಾಣಿಕವಾಗಿ ಹೇಳಿದರೂ ಲೋಕ ಅದನ್ನು ವಿರ್ತ್ ನಿಯಮವೆಂದೇ ಕರೆಯಿತು. 2024ರ ಮೊದಲ ದಿನ ವಿರ್ತ್ ತೀರಿಕೊಂಡರು. ಅವರ ಮಾತನ್ನು ಇಂದಿಗೂ ಯಾರೂ ಸುಳ್ಳು ಮಾಡಿಲ್ಲ.

ಹಿಂದೆ ಹೋಗುವುದು ಹುಚ್ಚುತನ ಎನ್ನುವವರಿಗೆ ಒಂದು ಇತಿಹಾಸವನ್ನು ನೆನಪಿಸಬಯಸುತ್ತೇನೆ. 2007ರ ಜನವರಿ 30ರಂದು ವಿಂಡೋಸ್ ವಿಸ್ಟಾ ಮಾರುಕಟ್ಟೆಗೆ ಬಂತು. ಅದನ್ನು ಹೊರುವ ಶಕ್ತಿಯಿದೆ ಎಂದು ಚೀಟಿ ಅಂಟಿಸಿಕೊಂಡು ಮಾರಾಟವಾಗಿದ್ದ ಎಷ್ಟೋ ಯಂತ್ರಗಳು ಅದರ ಅತಿ ಸರಳ ರೂಪವನ್ನು ಮಾತ್ರ ಹೊರಬಲ್ಲವಾಗಿದ್ದವು. ಅಮೆರಿಕದ ಗ್ರಾಹಕರು ಅದೇ ವರ್ಷ ನ್ಯಾಯಾಲಯಕ್ಕೆ ಹೋದರು. ಎಲ್ಲ ಗ್ರಾಹಕರ ಪರವಾಗಿ ಒಟ್ಟಾಗಿ ದಾವೆ ನಡೆಸಲು ದೊರೆತಿದ್ದ ಅನುಮತಿ 2009ರಲ್ಲಿ ರದ್ದಾಯಿತು, ನಿಜ. ಆದರೆ ಆ ದಾವೆಯಲ್ಲಿ ಹೊರಬಿದ್ದ ಪತ್ರಗಳಲ್ಲಿ ಕಂಪನಿಯ ಹಿರಿಯ ಅಧಿಕಾರಿಯೊಬ್ಬರೇ, ತಾವು 2,100 ಡಾಲರ್ ಕೊಟ್ಟು ಕೊಂಡ ಲ್ಯಾಪ್‌ಟಾಪು ಈಗ ಇ-ಮೇಲ್ ನೋಡಲಷ್ಟೇ ಲಾಯಕ್ಕಾಗಿದೆ ಎಂದು ಗೊಣಗಿದ್ದು ಜಗಜ್ಜಾಹೀರಾಯಿತು. ಜನ ಏನು ಮಾಡಿದರು? ಹಿಂದಿನ ಎಕ್ಸ್‌ಪಿಗೆ ಮರಳಿದರು. ಲ್ಯಾಪ್‌ಟಾಪು ಮಾರುವ ದೊಡ್ಡ ಕಂಪನಿಗಳೇ ಹೊಸದರ ಜೊತೆಗೆ ಹಳೆಯದರ ತಟ್ಟೆಯನ್ನೂ ಇಟ್ಟು ಕೊಟ್ಟವು. 2008ರ ಜೂನ್ 30ಕ್ಕೆ ನಿಲ್ಲಬೇಕಾಗಿದ್ದ ಎಕ್ಸ್‌ಪಿಯ ಮಾರಾಟ, ನೆಟ್‌ಬುಕ್ ಎಂಬ ಸಣ್ಣ ಯಂತ್ರಗಳ ಮಟ್ಟಿಗೆ 2010ರ ಅಕ್ಟೋಬರಿನವರೆಗೆ ಮುಂದುವರಿಯಿತು. ಹೊಸದು ಆ ಸಣ್ಣ ಯಂತ್ರಗಳಿಗೆ ಭಾರವೆಂಬುದನ್ನು ತಯಾರಕರೇ ಹೀಗೆ ಒಪ್ಪಿಕೊಂಡಂತಾಯಿತು. ಲೋಕವೇ ಹೀಗೆ ಹಿಂದೆ ನಡೆದಾಗ ಯಾರೂ ನಗಲಿಲ್ಲ. ಒಬ್ಬ ಮಾಸ್ತರು ಹಿಂದೆ ಹೋಗೋಣವೆಂದರೆ ಮಾತ್ರ ನಗೆ.

ಆದರೆ ಈ ಇತಿಹಾಸದಲ್ಲಿ ಒಂದು ಮುಳ್ಳಿದೆ. ಹಿಂದಿನ ಆವೃತ್ತಿಗೆ ಮರಳುವ ಹಕ್ಕು ಒಪ್ಪಂದದ ಪ್ರಕಾರವೇ ಇತ್ತು, ಆದರೆ ಯಾರಿಗೆ? ವಿಸ್ಟಾದ ಬಿಸಿನೆಸ್ ಮತ್ತು ಅಲ್ಟಿಮೇಟ್ ಎಂಬ ದುಬಾರಿ ರೂಪಗಳನ್ನು ಕೊಂಡವರಿಗೆ. ಗೃಹಬಳಕೆಯ ಅಗ್ಗದ ರೂಪವನ್ನು ಕೊಂಡವನಿಗೆ ಆ ಹಕ್ಕಿರಲಿಲ್ಲ. ಮುಂದೆ ಬಂದ ಆವೃತ್ತಿಗಳಲ್ಲೂ ಇದೇ ಪಂಕ್ತಿಭೇದ ನಡೆಯಿತು: ಪ್ರೊ ರೂಪಕ್ಕೆ ಮರಳುವ ಹಕ್ಕು, ಹೋಮ್ ರೂಪಕ್ಕೆ ಇಲ್ಲ. ಇನ್ನು ಹಳೆಯದನ್ನೇ ನವೀಕರಿಸಿಕೊಂಡವರ ಪಾಡು ನೋಡಿ. 2015ರಲ್ಲಿ ವಿಂಡೋಸ್ 10 ಬಂದಾಗ, ಬೇಡವೆನಿಸಿದರೆ ಹಿಂದಿನದಕ್ಕೆ ಹಿಂದಿರುಗಲು ಮೂವತ್ತು ದಿನಗಳ ಅವಕಾಶವಿತ್ತು. 2016ರಲ್ಲಿ ಅದನ್ನು ಹತ್ತು ದಿನಕ್ಕೆ ಇಳಿಸಿದರು. ಡಿಸ್ಕಿನಲ್ಲಿ ಜಾಗ ಉಳಿಸುವುದಕ್ಕೆಂದು ಕಾರಣ ಹೇಳಬಹುದು. ಆದರೆ ಒಂದು ಯಂತ್ರ ತನ್ನ ಹೊಸ ಹೊರೆಯನ್ನು ತಾಳುತ್ತದೆಯೇ ಎಂದು ಹತ್ತು ದಿನದಲ್ಲಿ ತಿಳಿಯುವುದು ಹೇಗೆ? ವಾರಕ್ಕೊಮ್ಮೆ, ಭಾನುವಾರ ಮಾತ್ರ ತೆರೆಯುವ ನಮ್ಮಂಥ ಸಂಘದ ಕಚೇರಿಯಲ್ಲಿ ಹತ್ತು ದಿನವೆಂದರೆ ಒಂದೇ ಒಂದು ಭಾನುವಾರವಾದರೂ ಆದೀತು.

ದೂರವಾಣಿಗಳಲ್ಲಂತೂ ಬಾಗಿಲನ್ನು ಇನ್ನೂ ಭದ್ರವಾಗಿ ಮುಚ್ಚಿದ್ದಾರೆ. ಐಫೋನಿಗೆ ಹೊಸ ಆವೃತ್ತಿ ಬಂದ ಕೆಲವೇ ದಿನಗಳಲ್ಲಿ ಹಿಂದಿನ ಆವೃತ್ತಿಗೆ ಕಂಪನಿ ತನ್ನ ಅಂಕಿತ ಹಾಕುವುದನ್ನು ನಿಲ್ಲಿಸುತ್ತದೆ. ಅಂಕಿತವಿಲ್ಲದೆ ಅದು ಕೂರುವುದಿಲ್ಲ. ಸವೆದ ಬ್ಯಾಟರಿಯುಳ್ಳ ಫೋನುಗಳ ವೇಗವನ್ನು ತಾನೇ ತಗ್ಗಿಸುತ್ತಿರುವುದಾಗಿ ಆಪಲ್ ಕಂಪನಿ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಫೋನು ಹಠಾತ್ತನೆ ಆರಿಹೋಗದಿರಲೆಂದು ಹಾಗೆ ಮಾಡಿದೆವು ಎಂಬುದು ಅದರ ಸಮಜಾಯಿಷಿ. ಗ್ರಾಹಕರಿಗೆ ಇದನ್ನು ತಿಳಿಸದಿದ್ದುದಕ್ಕಾಗಿ ಫ್ರಾನ್ಸಿನ ಗ್ರಾಹಕ ಸಂರಕ್ಷಣಾ ಇಲಾಖೆ 2020ರ ಫೆಬ್ರವರಿಯಲ್ಲಿ ಎರಡೂವರೆ ಕೋಟಿ ಯೂರೋ ದಂಡ ವಿಧಿಸಿತು. ಹಿಂದಿನ ಆವೃತ್ತಿಗೆ ಮರಳಲು ದಾರಿಯಿಲ್ಲದೆ ಜನ ಬ್ಯಾಟರಿಯನ್ನೋ ಫೋನನ್ನೋ ಬದಲಾಯಿಸಬೇಕಾಯಿತು ಎಂಬುದನ್ನು ಆ ಇಲಾಖೆ ಎತ್ತಿ ಹೇಳಿತು. ಅದಕ್ಕೂ ಮುನ್ನ, 2018ರಲ್ಲಿ, ಇಟಲಿಯ ಸ್ಪರ್ಧಾ ಪ್ರಾಧಿಕಾರ ಆಪಲ್‌ಗೆ ಒಂದು ಕೋಟಿ, ಸ್ಯಾಮ್ಸಂಗ್‌ಗೆ ಐವತ್ತು ಲಕ್ಷ ಯೂರೋ ದಂಡ ಹಾಕಿತ್ತು. ಹಳೆಯ ಫೋನುಗಳಿಗೆ ಭಾರವಾಗುವ ಆವೃತ್ತಿಯನ್ನು ಒತ್ತಾಯಿಸಿ ಹಾಕಿಸಿ, ಮೊದಲಿನ ಸ್ಥಿತಿಗೆ ಮರಳುವ ಉಪಾಯವನ್ನು ಕೊಡಲಿಲ್ಲ ಎಂಬುದು ಅಲ್ಲಿಯ ಆಕ್ಷೇಪ. ಎರಡು ದೇಶಗಳ ಅಧಿಕೃತ ಸಂಸ್ಥೆಗಳು ಒಂದೇ ಮಾತನ್ನು ಹಿಡಿದಿವೆ ಎಂಬುದನ್ನು ನಮ್ಮ ಕೋಶಾಧಿಕಾರಿಗಳು ಗಮನಿಸಬೇಕು. ಹಿಂದಿರುಗುವ ದಾರಿಯಿಲ್ಲದ ನವೀಕರಣ ಗ್ರಾಹಕನಿಗೆ ಬಗೆದ ಅನ್ಯಾಯ.

ಈಗ ಎದುರುವಾದದ ಮುಖ್ಯ ಅಸ್ತ್ರಕ್ಕೆ ಬರೋಣ: ಸುರಕ್ಷತೆ. ಹಳೆಯ ಆಪರೇಟಿಂಗ್ ಸಿಸ್ಟಮ್ಮಿಗೆ ರಕ್ಷಣೆಯ ತೇಪೆಗಳು ಬರುವುದು ನಿಂತುಹೋಗಿದೆ, ಅದನ್ನು ಬಳಸುವುದು ಬಾಗಿಲು ತೆರೆದಿಟ್ಟು ಮಲಗಿದಂತೆ ಎನ್ನುತ್ತಾರೆ. ಇದು ನಿಜವಾದ ಮಾತು, ಇದನ್ನು ನಾನು ಹಗುರಾಗಿ ತಳ್ಳಿಹಾಕಲಾರೆ. ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ರದು 2020ರ ಜನವರಿ 14ಕ್ಕೆ, ವಿಂಡೋಸ್ 10ರದು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕ್ರೋಮ್ ಬ್ರೌಸರಿನ ಹೊಸ ಆವೃತ್ತಿಗಳು 2023ರಿಂದ ವಿಂಡೋಸ್ 7ರಲ್ಲಿ ನಡೆಯುವುದಿಲ್ಲ. 2017ರ ಮೇ 12ರಂದು ವಾನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಹಬ್ಬಿ, ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳ ಯಂತ್ರಗಳಿಗೂ ಬೀಗ ಹಾಕಿ ಒತ್ತೆಹಣ ಕೇಳಿತು. ಅದಕ್ಕೆ ಬಲಿಯಾದವುಗಳಲ್ಲಿ ಹೆಚ್ಚಿನವು, ತೇಪೆ ಬಂದಿದ್ದರೂ ಹಾಕಿಕೊಳ್ಳದಿದ್ದ ವಿಂಡೋಸ್ 7ರ ಯಂತ್ರಗಳು. ಆದ್ದರಿಂದ ಹಳೆಯದಕ್ಕೆ ಮರಳಿ, ಅದೇ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹಾಗೆ ಹೇಳುವವನು ಹಿತೈಷಿಯಲ್ಲ.

ಆದರೆ ಅದೇ ವಾನ್ನಾಕ್ರೈ ಪ್ರಕರಣದ ಮುಂದಿನ ಭಾಗವನ್ನು ಯಾರೂ ಹೇಳುವುದಿಲ್ಲ. ದಾಳಿ ನಡೆದ ಒಂದೆರಡು ದಿನಗಳೊಳಗೆ ಮೈಕ್ರೋಸಾಫ್ಟ್ ಕಂಪನಿ, ಮೂರು ವರ್ಷದ ಹಿಂದೆಯೇ ಕೈಬಿಟ್ಟಿದ್ದ ಎಕ್ಸ್‌ಪಿಗೂ ತೇಪೆಯನ್ನು ಉಚಿತವಾಗಿ ಹಂಚಿತು. 2014ರಲ್ಲಿ ಬ್ರಿಟನ್ ಸರಕಾರ ಸುಮಾರು 55 ಲಕ್ಷ ಪೌಂಡು ತೆತ್ತು ಎಕ್ಸ್‌ಪಿಯ ಬೆಂಬಲವನ್ನು ಇನ್ನೊಂದು ವರ್ಷಕ್ಕೆ ಕೊಂಡುಕೊಂಡಿತ್ತು. ವಿಂಡೋಸ್ 10ರ ವಿಷಯದಲ್ಲೂ, ಸಾಮಾನ್ಯ ಬೆಂಬಲ ಮುಗಿದ ಮೇಲೆ 2026ರ ಅಕ್ಟೋಬರಿನವರೆಗೆ ರಕ್ಷಣೆಯ ತೇಪೆ ಬೇಕಾದವರು 30 ಡಾಲರ್ ಕೊಡಬಹುದು, ಇಲ್ಲವೇ ತಮ್ಮ ಯಂತ್ರವನ್ನು ಕಂಪನಿಯ ಖಾತೆಗೆ ಜೋಡಿಸಬಹುದು ಎಂದು ದಾರಿ ತೋರಿಸಿದರು. ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಹಳೆಯದನ್ನು ಕಾಪಾಡುವ ಸಾಮರ್ಥ್ಯವಿದೆ. ದುಡ್ಡು ಕೊಟ್ಟವನಿಗೆ, ಗದ್ದಲವೆದ್ದಾಗ ಎಲ್ಲರಿಗೂ, ಅದು ಸಿಗುತ್ತದೆ. ಹಾಗಾದರೆ 'ಹಳೆಯದು ಅಸುರಕ್ಷಿತ' ಎಂಬ ವಾಕ್ಯದ ಪೂರ್ಣ ರೂಪ 'ಹಳೆಯದನ್ನು ನಾವು ಅಸುರಕ್ಷಿತವಾಗಿರಲು ಬಿಟ್ಟಿದ್ದೇವೆ' ಎಂದಲ್ಲವೇ? ರಕ್ಷಣೆಯ ತೇಪೆಯನ್ನೂ ಹೊಸ ಅಲಂಕಾರವನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ, ಮದ್ದು ಬೇಕಾದರೆ ಮಿಠಾಯಿಯನ್ನೂ ತಿನ್ನು ಎನ್ನುವುದು ಯಾವ ನ್ಯಾಯ?

ಇನ್ನೊಂದು ಕ್ರೌರ್ಯವನ್ನೂ ಹೇಳಲೇಬೇಕು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ರಕ್ಷಣಾ ಏರ್ಪಾಡು ಬೇಕು. ಇಂಟೆಲ್ ಪ್ರೊಸೆಸರಾದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯದ್ದೋ ಅದಕ್ಕಿಂತ ಈಚಿನದ್ದೋ ಆಗಿರಬೇಕು. ಅಂದರೆ 2016ರಲ್ಲಿ ಕೊಂಡ, ಇಂದಿಗೂ ಕುದುರೆಯಂತೆ ಓಡುವ ಯಂತ್ರಕ್ಕೂ ಮುಂದೆ ಹೋಗುವ ದಾರಿ ಬಂದ್. ಕ್ಯಾನಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರ ಡಿಸೆಂಬರಿನಲ್ಲಿ ಮಾಡಿದ ಅಂದಾಜಿನಂತೆ, ಇದರಿಂದ ಸುಮಾರು 24 ಕೋಟಿ ಕಂಪ್ಯೂಟರುಗಳು ಕಸವಾಗಬಹುದು. ಮುಂದೆ ಹೋಗಲು ಬಿಡುವುದಿಲ್ಲ, ಇದ್ದಲ್ಲಿ ಇರಲು ಬಿಡುವುದಿಲ್ಲ, ಹಿಂದಕ್ಕೆ ಹೋದರೆ ನಗುತ್ತಾರೆ. ಉಳಿದ ಒಂದೇ ದಾರಿ ಅಂಗಡಿಯದು.

ಇಲ್ಲಿಯವರೆಗಿನ ಮಾತು ಎಲ್ಲ ಭಾಷೆಯವರಿಗೂ ಸಲ್ಲುವಂಥದು. ಕನ್ನಡಿಗರಿಗೆ, ಅದರಲ್ಲೂ ಹೊರನಾಡಿನ ಸಂಘಗಳಿಗೆ, ಇದರಲ್ಲಿ ಬೇರೆಯೇ ಒಂದು ನಷ್ಟವಿದೆ. ಕನ್ನಡ ಕಂಪ್ಯೂಟರಿಗೆ ಬಂದ ಕಥೆಯಲ್ಲಿ ಮುಂಬಯಿಯ ಪಾಲು ಸಣ್ಣದಲ್ಲ. ಕನ್ನಡ ಕೀಲಿಮಣೆಯ ವಿನ್ಯಾಸವನ್ನು ಕೊಟ್ಟ, 'ಸೇಡಿಯಾಪು' ತಂತ್ರಾಂಶವನ್ನು ರೂಪಿಸಿದ ಕೆ.ಪಿ. ರಾವ್ ಅವರು ಈ ನಗರದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. ಆಮೇಲೆ 'ಬರಹ' ಬಂತು, 'ನುಡಿ' ಬಂತು. ಆ ಕಾಲದಲ್ಲಿ ನಾವು ಬಳಸಿದ ಅಕ್ಷರಗಳು ಯೂನಿಕೋಡ್ ಅಕ್ಷರಗಳಲ್ಲ. ಇಂಗ್ಲಿಷಿನ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತಲೆಕಟ್ಟು, ಒತ್ತು, ದೀರ್ಘಗಳ ತುಂಡುಗಳನ್ನು ಕೂರಿಸಿದ ಫಾಂಟುಗಳವು. ಆ ಫಾಂಟಿದ್ದರೆ ಕನ್ನಡ. ಇಲ್ಲದಿದ್ದರೆ ತೆರೆಯ ತುಂಬ ರೋಮನ್ ಅಕ್ಷರಗಳ ಅರ್ಥವಿಲ್ಲದ ಗೊಂದಲ. ಆ ಫಾಂಟುಗಳಿಂದ ಪುಟ ಕಟ್ಟುತ್ತಿದ್ದ ಪೇಜ್‌ಮೇಕರ್ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ತಯಾರಕರು ಅದನ್ನು ಕೈಬಿಟ್ಟ ಮೇಲೂ ನಮ್ಮ ಎಷ್ಟೋ ಮುದ್ರಣಾಲಯಗಳು ಅದನ್ನು ಬಿಡಲಿಲ್ಲ.

ನಮ್ಮ ತ್ರೈಮಾಸಿಕದ ಹಳೆಯ ಸಂಚಿಕೆಗಳೆಲ್ಲ ಇದೇ ಬಗೆಯ ಕಡತಗಳಲ್ಲಿವೆ. ಹೊಸ ಆವೃತ್ತಿ ಬಂದಂದಿನಿಂದ ಪುಟವಿನ್ಯಾಸದ ತಂತ್ರಾಂಶ ಒಮ್ಮೆ ತೆರೆದರೆ ಹತ್ತು ಸಲ ತೆರೆಯದಾಯಿತು. ತೀರಿಕೊಂಡ ಹಿರಿಯರ ಲೇಖನಗಳಿವೆ ಅದರಲ್ಲಿ. ಹೋಟೆಲಿನಲ್ಲಿ ಹಗಲೆಲ್ಲ ದುಡಿದು ರಾತ್ರಿಶಾಲೆಯಲ್ಲಿ ಓದಿದವರು ತಮ್ಮ ಕೈಯಾರೆ ಬರೆದುಕೊಟ್ಟ ಆತ್ಮಕಥನಗಳಿವೆ. ಮುದ್ರಿತ ಪ್ರತಿಗಳಲ್ಲಿ ಅರ್ಧಕ್ಕರ್ಧ 2005ರ ಜುಲೈ 26ರ ಮಳೆಯ ನೀರಿನಲ್ಲಿ ಹೋದವು. ಉಳಿದದ್ದು ಈ ಕಡತಗಳೇ. ಹೊಸ ಲ್ಯಾಪ್‌ಟಾಪು ಕೊಳ್ಳುವ ಠರಾವಿನಲ್ಲಿ ಇವುಗಳ ಗತಿಯೇನೆಂಬ ಒಂದು ವಾಕ್ಯವೂ ಇರಲಿಲ್ಲ. ನನಗೆ ಸಿಟ್ಟು ಬಂದದ್ದು ಅರುವತ್ತು ಸಾವಿರಕ್ಕಲ್ಲ, ಇದಕ್ಕೆ.

ನವೀಕರಣವೆಲ್ಲ ಕೆಡುಕೆಂಬ ಮೂಢನಂಬಿಕೆ ನನಗಿಲ್ಲ. 2001ರ ಎಕ್ಸ್‌ಪಿ ಬಾರದಿದ್ದರೆ, ತುಂಗಾ ಫಾಂಟಿನೊಡನೆ ಯೂನಿಕೋಡ್ ಕನ್ನಡ ವಿಂಡೋಸಿನೊಳಗೆ ಅಂದು ಕಾಲಿಡುತ್ತಿರಲಿಲ್ಲ. ಅಂದು ನಾವು ಮುಂದೆ ಹೋದದ್ದು ಕನ್ನಡಕ್ಕಾಗಿ. ಹಾಗೆಯೇ ಇಂದು ಹಿಂದೆ ಹೋಗಬೇಕಾದರೆ ಅದೂ ಕನ್ನಡಕ್ಕಾಗಿ. ದಿಕ್ಕು ಯಾವುದೆಂಬುದು ಮುಖ್ಯವಲ್ಲ. ದಿಕ್ಕನ್ನು ಆರಿಸುವವರು ಯಾರೆಂಬುದು ಮುಖ್ಯ.

ಸಭೆಯ ಮರುದಿನವೇ ಅಧ್ಯಕ್ಷರ ಅಪ್ಪಣೆ ಪಡೆದು ಯಂತ್ರವನ್ನು ಮನೆಗೆ ತಂದೆ. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಮೊದಲು ವಿಚಾರಿಸಿದ ಅಂಗಡಿಯವರು ಅದರ ಮುಚ್ಚಳವನ್ನೂ ತೆರೆಯದೆ, ಇದರಲ್ಲಿ ಇನ್ನೇನೂ ಉಳಿದಿಲ್ಲ ಎಂದು ಹೊಸದರ ದರಪಟ್ಟಿಯನ್ನು ಮುಂದಿಟ್ಟರು. ಎರಡನೆಯವನು, ಮೆಟ್ಟಿಲ ಕೆಳಗೆ ಮೇಜು ಹಾಕಿಕೊಂಡು ಕೂತ ಹುಡುಗ, ಅದನ್ನು ತಿರುವಿ ಬೆನ್ನಮೇಲಿದ್ದ ಪರವಾನಗಿಯ ಚೀಟಿಯನ್ನು ತೋರಿಸಿ, ಇದು ಇರುವವರೆಗೆ ಹಳೆಯದು ನಿಮ್ಮದೇ ಎಂದ. ಮೊದಲು ಕಡತಗಳನ್ನೆಲ್ಲ ಎರಡು ಬೇರೆ ಡಿಸ್ಕುಗಳಿಗೆ ನಕಲು ಮಾಡಿದೆವು. ಇದನ್ನು ಮರೆತವನು ಈ ಕೆಲಸಕ್ಕೆ ಕೈ ಹಾಕಕೂಡದು. ಏಕೆಂದರೆ ಹಿಂದಿನದನ್ನು ಕೂರಿಸುವುದೆಂದರೆ ಡಿಸ್ಕನ್ನು ಒರೆಸಿ ಹೊಸದಾಗಿ ಬರೆಯುವುದು. ಆಮೇಲೆ ಪರದೆ, ಧ್ವನಿ, ವೈಫೈಗಳನ್ನು ನಡೆಸುವ ಡ್ರೈವರುಗಳನ್ನು ಮುಂಚಿತವಾಗಿ ಹುಡುಕಿ ಇಟ್ಟುಕೊಂಡೆವು. ಅವಿಲ್ಲದಿದ್ದರೆ ಯಂತ್ರಕ್ಕೆ ಜೀವ ಬಂದರೂ ಕಣ್ಣು ಕಿವಿ ಬರುವುದಿಲ್ಲ. ಮೂರು ಸಂಜೆಗಳ ಕೆಲಸ. ನಾಲ್ಕನೆಯ ದಿನ ಗುಂಡಿ ಒತ್ತಿದೆ. ಒಂದೂವರೆ ನಿಮಿಷದಲ್ಲಿ ಯಂತ್ರ ಅಣಿಯಾಯಿತು. 2012ರ ಯುಗಾದಿ ಸಂಚಿಕೆಯ ಕಡತವನ್ನು ತೆರೆದೆ. ಮುಖಪುಟದಿಂದ ಕೊನೆಯ ಜಾಹೀರಾತಿನವರೆಗೆ ಒಂದು ಒತ್ತಕ್ಷರವೂ ಹಾರಿರಲಿಲ್ಲ.

ಈ ಹಳೆಯ ವ್ಯವಸ್ಥೆಗೆ ಅಂತರಜಾಲದ ಸಂಪರ್ಕವಿಲ್ಲ, ಕೊಡಲೂಕೂಡದು. ಅದು ನಮ್ಮ ದಫ್ತರಖಾನೆ, ಅಷ್ಟೇ. ಇ-ಮೇಲ್ ಮತ್ತು ಪತ್ರವ್ಯವಹಾರಕ್ಕಾಗಿ ಅದೇ ಡಿಸ್ಕಿನ ಇನ್ನೊಂದು ಭಾಗದಲ್ಲಿ ಹಗುರವಾದ ಲಿನಕ್ಸ್ ಕೂರಿಸಿದೆವು. ಅದಕ್ಕೆ ದರವಿಲ್ಲ, ರಕ್ಷಣೆಯ ತೇಪೆಗಳು ಬರುತ್ತವೆ, ಯೂನಿಕೋಡ್ ಕನ್ನಡ ಚೆನ್ನಾಗಿ ಮೂಡುತ್ತದೆ. ಬ್ರೌಸರಿನಲ್ಲಿ ಏಳೆಂಟು ಪುಟಗಳನ್ನು ಒಟ್ಟಿಗೆ ತೆರೆದರೆ ಮಾತ್ರ ಇಲ್ಲೂ ಉಸಿರು ಕಟ್ಟುತ್ತದೆ. ಎರಡು ಜಿಬಿಯ ಮಿತಿ ಮಿತಿಯೇ. ಲಿನಕ್ಸ್ ಲೋಕವೂ ಹಳೆಯವರನ್ನು ಕೊನೆಯವರೆಗೆ ಹೊರುತ್ತದೆಂದು ಭ್ರಮಿಸಬಾರದು. 2025ರಲ್ಲಿ ಬಂದ ಡೆಬಿಯನ್ 13, ಮೂವತ್ತೆರಡು ಬಿಟ್ಟಿನ ಯಂತ್ರಗಳಿಗೆ ಅನುಸ್ಥಾಪಕವನ್ನು ಕೊಡುವುದನ್ನು ನಿಲ್ಲಿಸಿತು. ತಿರುಗುವ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿ, ಸ್ಮೃತಿಯನ್ನು ನಾಲ್ಕು ಜಿಬಿಗೆ ಏರಿಸಿದರೆ ಇನ್ನಷ್ಟು ಸುಖ. ಅದಕ್ಕೆ ಕೆಲವು ಸಾವಿರ ಬೇಕು, ಅರುವತ್ತು ಸಾವಿರವಲ್ಲ.

ದುರಸ್ತಿಯ ಹಕ್ಕಿನ ಬಗ್ಗೆ ನಮ್ಮ ಕೇಂದ್ರ ಸರಕಾರ 2022ರ ಜುಲೈನಲ್ಲಿ ಸಮಿತಿಯೊಂದನ್ನು ನೇಮಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಗ್ರಾಹಕರಿಗಾಗಿ ಜಾಲತಾಣವನ್ನೂ ತೆರೆಯಿತು. ಒಳ್ಳೆಯದೇ. ಆದರೆ ದುರಸ್ತಿ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ತಿರುಪು, ಬ್ಯಾಟರಿ, ಒಡೆದ ಗಾಜು. ತಂತ್ರಾಂಶದಿಂದ ಕೆಟ್ಟದ್ದನ್ನು ತಂತ್ರಾಂಶದಿಂದಲೇ ಸರಿಪಡಿಸುವುದೂ ದುರಸ್ತಿಯೇ, ಹಿಂದಿನ ಆವೃತ್ತಿಗೆ ಮರಳುವುದು ಅದರ ಅತ್ಯಂತ ಸರಳ ರೂಪ. ಆದ್ದರಿಂದ ನಾವು ಕೇಳಬೇಕಾದದ್ದು ಇಷ್ಟು: ಯಂತ್ರವನ್ನು ಕೊಂಡಾಗ ಅದರಲ್ಲಿದ್ದ ವ್ಯವಸ್ಥೆಗೆ ಯಾವಾಗ ಬೇಕಾದರೂ ಮರಳುವ ಹಕ್ಕು, ದುಬಾರಿ ರೂಪ ಅಗ್ಗದ ರೂಪವೆಂಬ ಭೇದವಿಲ್ಲದೆ, ಎಲ್ಲರಿಗೂ ಇರಬೇಕು. ರಕ್ಷಣೆಯ ತೇಪೆ ಬೇರೆ, ಹೊಸ ಸೌಕರ್ಯ ಬೇರೆ ಎಂದು ಎರಡನ್ನೂ ಬಿಡಿಸಿ ಕೊಡಬೇಕು. ನವೀಕರಣಕ್ಕೆ ಮೊದಲು, ಇದು ನಿಮ್ಮ ಯಂತ್ರವನ್ನು ನಿಧಾನಗೊಳಿಸಬಹುದು ಎಂಬುದನ್ನು ನಮ್ಮ ಭಾಷೆಯಲ್ಲಿ, ನಮಗೆ ತಿಳಿಯುವಂತೆ ಹೇಳಬೇಕು. 'ಬೇಡ' ಎಂಬ ಗುಂಡಿಯನ್ನೂ ಇಡಬೇಕು.

ಸಂಘಗಳೂ ಕೈಕಟ್ಟಿ ಕೂರಬಾರದು. ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳ ಸಂಘಗಳ ಕಪಾಟುಗಳಲ್ಲೂ ಇಂಥ ಒಂದೊಂದು ಯಂತ್ರ ಧೂಳು ತಿನ್ನುತ್ತಿರಬಹುದು. ಗುಜರಿಯವನನ್ನು ಕರೆಯುವ ಮುನ್ನ ಅದನ್ನು ಒಮ್ಮೆ ತೆರೆಯಿರಿ, ಅದರೊಳಗಿನ ಕನ್ನಡವನ್ನು ಹೊರತೆಗೆಯಿರಿ, ಯೂನಿಕೋಡಿಗೆ ಪರಿವರ್ತಿಸಿರಿ. ಪರಿವರ್ತಕ ತಂತ್ರಾಂಶಗಳಿವೆ; ಅರ್ಕಾವತ್ತು, ಒತ್ತಕ್ಷರಗಳಲ್ಲಿ ತಪ್ಪುತ್ತವೆ, ಕಣ್ಣಿಟ್ಟು ತಿದ್ದಬೇಕು. ಆ ಕೆಲಸಕ್ಕೆ ನಮ್ಮ ನಿವೃತ್ತರೂ ಮಕ್ಕಳೂ ಒಟ್ಟಿಗೆ ಕೂರಲಿ.

ಮುಂದಿನ ಸಭೆ ಬರುವ ತಿಂಗಳ ಎರಡನೆಯ ಭಾನುವಾರ. ಯಂತ್ರವನ್ನು ನಾನೇ ಹೊತ್ತು ತರುತ್ತೇನೆ. ಕೋಶಾಧಿಕಾರಿಗಳು ಗಡಿಯಾರ ಹಿಡಿದು ಕೂರಲಿ. ಅವರು ವರ್ಷಕ್ಕೊಮ್ಮೆ ಜಾತ್ರೆಗೆಂದು ಊರಿಗೆ ಹೋಗಿ, ಅಜ್ಜನ ಮನೆಯ ಜಗಲಿಯಲ್ಲಿ ನಾಲ್ಕು ದಿನ ಕೂತು ಬರುವುದನ್ನು ನಾನು ಬಲ್ಲೆ. ಅದನ್ನು ಯಾರೂ ಹಿಂದೆ ಹೋದದ್ದೆಂದು ನಕ್ಕದ್ದನ್ನು ನಾನು ಕೇಳಿಲ್ಲ. ಒಂದೂವರೆ ನಿಮಿಷದ ಮೇಲೆ, 2012ರ ಯುಗಾದಿ ಸಂಚಿಕೆಯಲ್ಲಿ ಅವರ ತಂದೆಯವರೇ ಬರೆದ ಲೇಖನವನ್ನು ತೆರೆದು ತೋರಿಸುತ್ತೇನೆ. ಆಮೇಲೆ ಠರಾವನ್ನು ಮತಕ್ಕೆ ಹಾಕಲಿ.